ಲಾಬಿಯ ಕಡತದಲ್ಲಿ ಅಸಲಿ ಯಜಮಾನನನ್ನು ಹುಡುಕುವುದು ಹೇಗೆ?

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಒಂದು ಚಿತ್ರ ಹರಿದಾಡುತ್ತದೆ. ಅಮೆರಿಕದ ನ್ಯಾಯ ಇಲಾಖೆಗೆ ಸಲ್ಲಿಕೆಯಾದ ದಾಖಲೆಯ ಒಂದು ಪುಟ, ಅದರಲ್ಲಿ ಯಾವುದೋ ದೇಶದ ಹೆಸರು, ಡಾಲರ್ ಲೆಕ್ಕದ ದೊಡ್ಡ ಮೊತ್ತ, ಮೊತ್ತದ ಸುತ್ತ ಕೆಂಪು ಗೆರೆ, ಕೆಳಗೆ ‘ವಿದೇಶಿ ಗೂಢಚಾರರ ಪಟ್ಟಿ ಬಯಲು’ ಎಂಬ ಒಕ್ಕಣೆ. ಪುಟ ಬಹಳ ಸಲ ಅಸಲಿಯೇ ಆಗಿರುತ್ತದೆ, ಓದಿರುವ ರೀತಿ ಮಾತ್ರ ತಪ್ಪಾಗಿರುತ್ತದೆ. ಪತ್ರಿಕೋದ್ಯಮದ ವಿದ್ಯಾರ್ಥಿಗಳ ಜೊತೆ ಕುಳಿತು ಇಂಥ ಕಡತಗಳನ್ನು ಓದುವಾಗಲೂ ಇದೇ ತಪ್ಪನ್ನು ಮತ್ತೆ ಮತ್ತೆ ಕಂಡಿದ್ದೇನೆ. ನಿಯಮ ಪಾಲಿಸಿ ತನ್ನ ವ್ಯವಹಾರವನ್ನು ತಾನೇ ಬರೆದುಕೊಟ್ಟವನು ಓದುಗರ ಕಣ್ಣಿಗೆ ಕಳ್ಳನಾಗುತ್ತಾನೆ, ಬರೆದುಕೊಡದೆ ಮರೆಯಲ್ಲಿ ಕುಳಿತವನ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಈ ಕಡತಗಳನ್ನು ಓದಬೇಕಾದದ್ದೇ ಆ ಎರಡನೆಯವನನ್ನು ಹುಡುಕುವುದಕ್ಕಾಗಿ.

ಮೊದಲು ಕಾಯ್ದೆಯ ಬಗ್ಗೆ ಎರಡು ಮಾತು. ಫಾರಿನ್ ಏಜೆಂಟ್ಸ್ ರಿಜಿಸ್ಟ್ರೇಷನ್ ಆ್ಯಕ್ಟ್, ಚುಟುಕಾಗಿ ಫಾರಾ, 1938ರಲ್ಲಿ ಬಂತು. ಅಮೆರಿಕದಲ್ಲಿ ನಾಜಿ ಜರ್ಮನಿಯ ಪರವಾಗಿ ನಡೆಯುತ್ತಿದ್ದ ಪ್ರಚಾರವನ್ನು ಅಲ್ಲಿನ ಸಂಸತ್ತಿನ ಸಮಿತಿಯೊಂದು 1934ರಲ್ಲಿ ವಿಚಾರಣೆ ಮಾಡಿದಾಗ, ಹೆಸರಾಂತ ಪ್ರಚಾರ ಸಲಹೆಗಾರ ಐವಿ ಲೀ ತಾನು ವರ್ಷಕ್ಕೆ 25,000 ಡಾಲರ್ ಪಡೆಯುತ್ತಿರುವುದಾಗಿ ಒಪ್ಪಿಕೊಂಡ. ಹಣ ಕೊಡುತ್ತಿದ್ದದ್ದು ಹಿಟ್ಲರನ ಸರ್ಕಾರದ ಖಜಾನೆಯಲ್ಲ, ಐ.ಜಿ. ಫಾರ್ಬೆನ್ ಎಂಬ ಜರ್ಮನ್ ರಾಸಾಯನಿಕ ಕಂಪನಿ. ಸರ್ಕಾರಕ್ಕೂ ಪ್ರಚಾರಕನಿಗೂ ನಡುವೆ ಮೂರನೆಯವನೊಬ್ಬನನ್ನು ನಿಲ್ಲಿಸುವ ತಂತ್ರ ಅಷ್ಟು ಹಳೆಯದು. ವಿದೇಶಿ ಸರ್ಕಾರದ ಅಥವಾ ಪಕ್ಷದ ಪರ ಕೆಲಸ ಮಾಡುವುದನ್ನು ಈ ಕಾಯ್ದೆ ನಿಷೇಧಿಸುವುದಿಲ್ಲ, ಯಾರ ಪರ, ಎಷ್ಟು ಹಣಕ್ಕೆ, ಏನು ಮಾಡುತ್ತಿದ್ದೀರಿ ಎಂದು ಬರೆದುಕೊಡಿ ಎನ್ನುತ್ತದೆ. ಆದ್ದರಿಂದ ಇಲ್ಲಿ ‘ಏಜೆಂಟ್’ ಎಂಬುದನ್ನು ಗೂಢಚಾರ ಎಂದು ಅನುವಾದಿಸುವುದು ಶುದ್ಧ ತಪ್ಪು. ಪ್ರತಿನಿಧಿ ಎನ್ನಿ. ಅವನನ್ನು ನೇಮಿಸಿಕೊಂಡವನನ್ನು ನಾನು ಯಜಮಾನ ಎಂದೇ ಕರೆಯುತ್ತೇನೆ.

ಮೊದಲ ಹಂತ: ಕಡತ ತೆರೆಯುವುದು

ನ್ಯಾಯ ಇಲಾಖೆಯ ಫಾರಾ ಇ-ಫೈಲ್ ಜಾಲತಾಣಕ್ಕೆ ಹೋಗಿ, ದೇಶದ ಹೆಸರು ಆರಿಸಿ, ಚಾಲ್ತಿಯಲ್ಲಿರುವ ಮತ್ತು ಮುಗಿದುಹೋದ ಒಪ್ಪಂದಗಳೆರಡನ್ನೂ ಇಳಿಸಿಕೊಳ್ಳಿ. ಶುಲ್ಕವಿಲ್ಲ. ಇದೇ ಕಾಗದಗಳನ್ನು ಹಣಕ್ಕೆ ಮಾರುವವರಿಂದ ದೂರವಿರಿ. ಪಿಡಿಎಫ್ ಕೊಟ್ಟರೆ ಸಾರಾಂಶ ಮಾಡಿಕೊಡುತ್ತೇವೆ ಎನ್ನುವ ಕೃತಕ ಬುದ್ಧಿಮತ್ತೆಯ ಸಾಧನಗಳನ್ನೂ ಈ ಕೆಲಸಕ್ಕೆ ನಂಬಬೇಡಿ. ಹಳೆಯ ಕಡತಗಳು ಸ್ಕ್ಯಾನ್ ಮಾಡಿದ ಮಸುಕು ಚಿತ್ರಗಳಾಗಿರುವುದರಿಂದ ಅಂಕಿಯೊಂದು ಬದಲಾದರೂ ನಿಮಗೆ ತಿಳಿಯುವುದಿಲ್ಲ.

ಎರಡನೇ ಹಂತ: ಯಾವ ಕಾಗದ ಏನು ಹೇಳುತ್ತದೆ

ಕೆಲಸ ಒಪ್ಪಿಕೊಂಡ 10 ದಿನಗಳೊಳಗೆ ಪ್ರತಿನಿಧಿ ನೋಂದಾಯಿಸಿಕೊಳ್ಳಬೇಕು. ಆಗ ಕೊಡುವ ಅನುಬಂಧ ‘ಎ’ಯಲ್ಲಿ ಯಜಮಾನನ ವಿವರ, ಅನುಬಂಧ ‘ಬಿ’ಯಲ್ಲಿ ಒಪ್ಪಂದ ಇರುತ್ತದೆ. ಆಮೇಲೆ ಆರು ತಿಂಗಳಿಗೊಮ್ಮೆ ಪೂರಕ ವರದಿ ಸಲ್ಲಿಸಬೇಕು. ಕೆಂಪು ಗೆರೆ ಎಳೆದು ಹಂಚುವವರೆಲ್ಲ ನೋಡುವುದು ಅನುಬಂಧ ‘ಬಿ’ಯನ್ನು. ಅದರಲ್ಲಿರುವುದು ಕೊಡುತ್ತೇವೆಂದ ಹಣ, ಕೊಟ್ಟ ಹಣ ಪೂರಕ ವರದಿಯಲ್ಲಿರುತ್ತದೆ. ಉದಾಹರಣೆಗೆ, ವಾಷಿಂಗ್ಟನ್‌ನ ಭಾರತೀಯ ರಾಯಭಾರ ಕಚೇರಿ 2025ರ ಏಪ್ರಿಲ್‌ನಲ್ಲಿ ಎಸ್‌ಎಚ್‌ಡಬ್ಲ್ಯು ಪಾರ್ಟ್‌ನರ್ಸ್ ಎಂಬ ಸಂಸ್ಥೆಯೊಂದಿಗೆ ತಿಂಗಳಿಗೆ 1,50,000 ಡಾಲರ್‌ನಂತೆ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ ಲೆಕ್ಕ ಹಾಕಿ 18 ಲಕ್ಷ ಡಾಲರ್ ‘ಕೊಟ್ಟರು’ ಎಂದು ಬರೆಯುವುದಕ್ಕೆ ಆ ಒಂದು ಕಾಗದ ಸಾಲದು, ಎರಡು ಪೂರಕ ವರದಿಗಳು ಬರುವವರೆಗೆ ಕಾಯಬೇಕು. ಅವಧಿ ಮುಗಿದ ಮೇಲೂ ವರದಿ ಕೊಡಲು 30 ದಿನಗಳ ಅವಕಾಶವಿರುವುದರಿಂದ ಇಂದು ಪಾವತಿಯಾದ ಹಣ ನಮಗೆ ಕಾಣುವುದಕ್ಕೆ ಏಳು ತಿಂಗಳಾಗಬಹುದು. ನಮ್ಮ ಸರ್ಕಾರ ಪರದೇಶದಲ್ಲಿ ಯಾರ ಮೂಲಕ ಯಾರನ್ನು ಭೇಟಿಯಾಗುತ್ತಿದೆ ಎಂಬುದನ್ನು ಕನ್ನಡದ ಓದುಗ ಅಮೆರಿಕದ ಕಚೇರಿಯ ಕಡತದಿಂದ ತಿಳಿಯಬೇಕಾಗಿದೆ. ಭಾರತದಲ್ಲಿ ಲಾಬಿಗೆ, ಅಂದರೆ ಸರ್ಕಾರದ ನಿರ್ಧಾರಗಳ ಮೇಲೆ ಪ್ರಭಾವ ಬೀರುವ ಕೆಲಸಕ್ಕೆ, ಇಂಥದೊಂದು ಕಡ್ಡಾಯ ನೋಂದಣಿಯೇ ಇಲ್ಲ ಎಂಬುದು ನನ್ನನ್ನು ಕಾಡುವ ಸಂಗತಿ.

ಮೂರನೇ ಹಂತ: ಹೆಸರಿಲ್ಲದ ಯಜಮಾನ

ಕೈ ಜಾರುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಹೋಗೋಣ. ನಮ್ಮ ಹಳ್ಳಿಗಳಲ್ಲಿ ಬೇನಾಮಿ ಜಮೀನು ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಪಹಣಿಯಲ್ಲಿ ಒಬ್ಬರ ಹೆಸರು, ಫಸಲು ಇನ್ನೊಬ್ಬರ ಮನೆಗೆ. ಲಾಬಿಯಲ್ಲಿ ಆ ಪಹಣಿಯ ಕೆಲಸವನ್ನು ಸಾಧುವಾದ ಹೆಸರಿನ ಒಂದು ‘ಕೇಂದ್ರ’, ‘ಪ್ರತಿಷ್ಠಾನ’ ಅಥವಾ ‘ವೇದಿಕೆ’ ಮಾಡುತ್ತದೆ.

ಇದಕ್ಕೆ ದಾರಿ ಮಾಡಿಕೊಡುವುದು ಕಾಯ್ದೆಯ ಒಂದು ವಿನಾಯಿತಿ. ಯಜಮಾನ ವಿದೇಶಿ ಸರ್ಕಾರವೂ ಅಲ್ಲ, ರಾಜಕೀಯ ಪಕ್ಷವೂ ಅಲ್ಲ ಎಂದಾದರೆ ಪ್ರತಿನಿಧಿಯು ಫಾರಾದ ಬದಲು 1995ರ ಲಾಬಿ ಬಹಿರಂಗ ಕಾಯ್ದೆಯಡಿ ನೋಂದಾಯಿಸಿಕೊಂಡರೆ ಸಾಕು. ಎರಡಕ್ಕೂ ಅಜಗಜಾಂತರವಿದೆ. ಫಾರಾ ವರದಿಯಲ್ಲಿ ಯಾವ ಸಂಸದನನ್ನು, ಯಾವ ದಿನ, ಯಾವ ವಿಷಯಕ್ಕೆ ಸಂಪರ್ಕಿಸಲಾಯಿತು ಎಂದು ಹೆಸರು ಹಿಡಿದು ಬರೆಯಬೇಕು. 1995ರ ಕಾಯ್ದೆಯ ತ್ರೈಮಾಸಿಕ ವರದಿಯಲ್ಲಿ ‘ಸೆನೆಟ್’, ‘ಪ್ರತಿನಿಧಿ ಸಭೆ’ ಎಂದಷ್ಟೇ ಬರೆದರೆ ಮುಗಿಯಿತು, ಆದಾಯವನ್ನು ಹತ್ತಿರದ 10,000 ಡಾಲರ್‌ಗೆ ಸರಿಹೊಂದಿಸಿ ತೋರಿಸಬಹುದು. ಆದ್ದರಿಂದ ಮರೆಯಲ್ಲಿರಬೇಕೆನ್ನುವವನಿಗೆ ಎರಡನೆಯ ಕಾಯ್ದೆಯೇ ಅನುಕೂಲ.

ಇದು ನಡೆಯುವ ಬಗೆಯನ್ನು ಉಕ್ರೇನಿನ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ನನಗೆ ಗೊತ್ತಿಲ್ಲ. ವಿಕ್ಟರ್ ಯಾನುಕೋವಿಚ್ 2010ರಲ್ಲಿ ಅಲ್ಲಿನ ಅಧ್ಯಕ್ಷರಾದರು, ಅವರ ಎದುರಾಳಿ ಯೂಲಿಯಾ ಟಿಮೊಶೆಂಕೊ 2011ರಲ್ಲಿ ಜೈಲು ಸೇರಿದರು, ಪಾಶ್ಚಾತ್ಯ ದೇಶಗಳಲ್ಲಿ ಟೀಕೆ ಎದ್ದಿತು. ಯಾನುಕೋವಿಚ್‌ಗೆ ಮತ್ತು ಅವರ ಪಾರ್ಟಿ ಆಫ್ ರೀಜನ್ಸ್‌ಗೆ ಸಲಹೆಗಾರನಾಗಿದ್ದವನು ಅಮೆರಿಕದ ಪಾಲ್ ಮ್ಯಾನಫೋರ್ಟ್. 2012ರಲ್ಲಿ ವಾಷಿಂಗ್ಟನ್‌ನ ಪೊಡೆಸ್ಟಾ ಗ್ರೂಪ್ ಮತ್ತು ಮರ್ಕ್ಯುರಿ ಎಂಬ ಎರಡು ಲಾಬಿ ಸಂಸ್ಥೆಗಳು ಉಕ್ರೇನಿನ ಪರ ಕೆಲಸಕ್ಕಿಳಿದವು. ಅವುಗಳ ಕಾಗದದಲ್ಲಿ ಮ್ಯಾನಫೋರ್ಟ್ ಇರಲಿಲ್ಲ, ಉಕ್ರೇನ್ ಸರ್ಕಾರವೂ ಇರಲಿಲ್ಲ. ಇದ್ದದ್ದು ಬ್ರಸೆಲ್ಸ್‌ನ ‘ಯುರೋಪಿಯನ್ ಸೆಂಟರ್ ಫಾರ್ ಎ ಮಾಡರ್ನ್ ಉಕ್ರೇನ್’ ಎಂಬ ಲಾಭರಹಿತ ಸಂಸ್ಥೆ. ತನಗೆ ಯಾವುದೇ ವಿದೇಶಿ ಸರ್ಕಾರದ ಅಥವಾ ಪಕ್ಷದ ನಿರ್ದೇಶನವಾಗಲಿ ಹಣವಾಗಲಿ ಇಲ್ಲವೆಂದು ಆ ಕೇಂದ್ರ ಲಿಖಿತವಾಗಿ ಕೊಟ್ಟಿತು, ಎರಡೂ ಸಂಸ್ಥೆಗಳು 1995ರ ಕಾಯ್ದೆಯಡಿ ನೋಂದಾಯಿಸಿಕೊಂಡವು. ಆ ದಿನಗಳಲ್ಲಿ ಫಾರಾ ಜಾಲತಾಣದಲ್ಲಿ ಉಕ್ರೇನ್ ಎಂದು ಹುಡುಕಿ ಕೈಬಿಟ್ಟವನಿಗೆ ಈ ಕೆಲಸದ ಸುಳಿವು ಸಿಗುತ್ತಿರಲಿಲ್ಲ.

ಹಾಗಾದರೆ ಏನು ಮಾಡಬಹುದಿತ್ತು? ಮೂರು ಕಡೆ ನೋಡಬಹುದಿತ್ತು.

ಮೊದಲನೆಯದಾಗಿ, 1995ರ ಕಾಯ್ದೆಯ ಕಡತಗಳಲ್ಲಿ ದೇಶದ ಹೆಸರನ್ನು ಗ್ರಾಹಕನ ಅಂಕಣದಲ್ಲಿ ಹುಡುಕದೆ ವಿಷಯದ ಅಂಕಣದಲ್ಲಿ ಹುಡುಕುವುದು. ಯಾವ ನಿರ್ಣಯದ ಬಗ್ಗೆ, ಯಾವ ಮಸೂದೆಯ ಬಗ್ಗೆ ಲಾಬಿ ನಡೆಯಿತು ಎಂಬುದನ್ನು ಅಲ್ಲಿ ಬರೆಯಲೇಬೇಕು. ವಿದ್ಯಾರ್ಥಿಗಳಿಗೆ ನಾನು ಹಠ ಹಿಡಿದು ಕಲಿಸುವ ಅಭ್ಯಾಸ ಇದೊಂದೇ. ಯಜಮಾನ ತನ್ನ ಹೆಸರನ್ನು ಬದಲಿಸಿಕೊಳ್ಳಬಹುದು, ತನಗೆ ಆಗಬೇಕಾದ ಕೆಲಸವನ್ನು ಬದಲಿಸಲಾರ.

ಎರಡನೆಯದಾಗಿ, ಕೇಂದ್ರದ ಹುಟ್ಟೂರಿನ ಕಾಗದ. ಬೆಲ್ಜಿಯಂನಲ್ಲಿ ಲಾಭರಹಿತ ಸಂಸ್ಥೆಗಳ ನಿಯಮಾವಳಿಯೂ ನಿರ್ದೇಶಕರ ಹೆಸರುಗಳೂ ಅಲ್ಲಿನ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತವೆ. ಈ ಕೇಂದ್ರದ ಮೊದಲ ಆಡಳಿತ ಮಂಡಳಿಯಲ್ಲಿ ಯಾನುಕೋವಿಚ್ ಪಕ್ಷದ ಸಂಸದರೇ ಇದ್ದರು. ಭಾಷೆ ಫ್ರೆಂಚ್ ಅಥವಾ ಡಚ್ ಎಂದು ಹೆದರಬೇಕಿಲ್ಲ, ನಿಮಗೆ ಬೇಕಾದದ್ದು ಹೆಸರುಗಳು. ಆ ಹೆಸರುಗಳನ್ನು ಆಯಾ ದೇಶದ ಸಂಸತ್ತಿನ ಸದಸ್ಯರ ಪಟ್ಟಿಯೊಂದಿಗೆ ಹೋಲಿಸಿ ನೋಡಿ.

ಮೂರನೆಯದು ಹಣ. ಕೇಂದ್ರದ ಹೆಸರಿನಲ್ಲಿ ಕೆಲಸ, ಪಾವತಿ ಮಾತ್ರ ಬೇರೆಲ್ಲಿಂದಲೋ ಬಂದಿದ್ದರೆ ಅಲ್ಲಿಯೇ ನಿಲ್ಲಿ. ಈ ಎರಡು ಸಂಸ್ಥೆಗಳಿಗೆ 20 ಲಕ್ಷ ಡಾಲರ್‌ಗಿಂತ ಹೆಚ್ಚು ಹಣ ಸಂದಾಯವಾದದ್ದು ಮ್ಯಾನಫೋರ್ಟ್ ಮತ್ತು ಅವನ ಸಹವರ್ತಿಯ ಹೊರದೇಶದ ಖಾತೆಗಳಿಂದ ಎಂದು ಮುಂದೆ ಮ್ಯಾನಫೋರ್ಟ್ ಮೇಲೆ ಅಮೆರಿಕದಲ್ಲಿ ಹೂಡಿದ ಮೊಕದ್ದಮೆಯ ದೋಷಾರೋಪ ಪಟ್ಟಿ ಹೇಳಿತು. ಬ್ಯಾಂಕ್ ಖಾತೆ ನಮಗೆ ಕಾಣುವುದಿಲ್ಲ, ನಿಜ. ಆದರೆ ಅಷ್ಟೇನೂ ಹೆಸರಿಲ್ಲದ, ಚಂದಾ ಎತ್ತಿದ್ದು ಕಾಣದ ಸಣ್ಣ ಕೇಂದ್ರವೊಂದು ವಾಷಿಂಗ್ಟನ್‌ನ ಎರಡು ದುಬಾರಿ ಸಂಸ್ಥೆಗಳನ್ನು, ಅದೂ ಒಂದು ಡೆಮಾಕ್ರಟಿಕ್ ಪಕ್ಷಕ್ಕೆ, ಇನ್ನೊಂದು ರಿಪಬ್ಲಿಕನ್ ಪಕ್ಷಕ್ಕೆ ಹತ್ತಿರವಿರುವುದನ್ನು, ಒಟ್ಟಿಗೆ ಇಟ್ಟುಕೊಂಡಿದೆ ಎಂದರೆ ಯಾರ ದುಡ್ಡಿನಲ್ಲಿ ಎಂಬ ಪ್ರಶ್ನೆ ಕೇಳದೆ ಮುಂದೆ ಹೋಗಬಾರದು.

ಸಂಸ್ಥೆಗಳಷ್ಟೇ ಅಲ್ಲ, ಗೌರವಾನ್ವಿತ ಮನುಷ್ಯರೂ ಮುಸುಕಾಗುತ್ತಾರೆ. ಯುರೋಪಿನ ಮಾಜಿ ಹಿರಿಯ ರಾಜಕಾರಣಿಗಳ ಒಂದು ಗುಂಪಿಗೆ ಮ್ಯಾನಫೋರ್ಟ್ ‘ಹ್ಯಾಪ್ಸ್‌ಬರ್ಗ್ ಗುಂಪು’ ಎಂದು ಹೆಸರಿಟ್ಟಿದ್ದ. ಅವರು ಸ್ವತಂತ್ರ ಅಭಿಪ್ರಾಯ ಹೇಳುವಂತೆ ತೋರಬೇಕು, ಆಡುವ ಮಾತು ಉಕ್ರೇನ್ ಸರ್ಕಾರದ ಪರವಾಗಿರಬೇಕು ಎಂಬುದು ಯೋಜನೆಯಾಗಿತ್ತು. ಅದಕ್ಕಾಗಿ 20 ಲಕ್ಷ ಯೂರೋಗೂ ಹೆಚ್ಚು ಹಣವನ್ನು ಹೊರದೇಶದ ಖಾತೆಗಳಿಂದ ಕಳುಹಿಸಲಾಯಿತು ಎಂಬುದು ಆರೋಪ ಪಟ್ಟಿಯಲ್ಲಿದೆ. ಪತ್ರಿಕೆಯಲ್ಲಿ ಮಾಜಿ ಪ್ರಧಾನಿಯೊಬ್ಬರು ದೂರದ ದೇಶವೊಂದರ ಪರವಾಗಿ ಹಠಾತ್ತನೆ ಲೇಖನ ಬರೆದರೆ, ಅದೇ ವಾರ ಆ ದೇಶದ ಬಗ್ಗೆ ಅಮೆರಿಕದ ಸಂಸತ್ತಿನಲ್ಲಿ ಏನು ಚರ್ಚೆಗಿತ್ತು ಎಂದು ನೋಡಿ. ಹೊಂದಿಕೆಯಾದ ಮಾತ್ರಕ್ಕೆ ಆರೋಪ ಸಾಬೀತಾಗುವುದಿಲ್ಲ, ಆದರೆ ಮುಂದೆ ಯಾವ ಕಡತ ತೆರೆಯಬೇಕೆಂಬುದು ತಿಳಿಯುತ್ತದೆ.

2017ರಲ್ಲಿ ಎರಡೂ ಸಂಸ್ಥೆಗಳು ಹಿಂದಿನ ದಿನಾಂಕಗಳ ಕೆಲಸಕ್ಕೆ ತಡವಾಗಿ ಫಾರಾದಡಿ ನೋಂದಾಯಿಸಿಕೊಂಡವು. ಅದೇ ವರ್ಷದ ಜೂನ್‌ನಲ್ಲಿ ಮ್ಯಾನಫೋರ್ಟ್‌ನ ಕಂಪನಿಯೂ ನೋಂದಾಯಿಸಿಕೊಂಡು ಎರಡು ವರ್ಷಗಳಲ್ಲಿ ಪಾರ್ಟಿ ಆಫ್ ರೀಜನ್ಸ್‌ನಿಂದ 1.71 ಕೋಟಿ ಡಾಲರ್ ಪಡೆದಿದ್ದಾಗಿ ತೋರಿಸಿತು. 2018ರ ಸೆಪ್ಟೆಂಬರ್‌ನಲ್ಲಿ ಅವನು ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಂಡ. 2020ರ ಡಿಸೆಂಬರ್‌ನಲ್ಲಿ ಅವನಿಗೆ ಅಮೆರಿಕದ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು. ತಡವಾಗಿ ಸಲ್ಲಿಸಿದ ಕಡತಗಳನ್ನು ಓದುವಾಗ ಎರಡು ದಿನಾಂಕಗಳನ್ನು, ಕೆಲಸ ನಡೆದದ್ದು ಮತ್ತು ಕಾಗದ ಬಂದದ್ದು, ಪಕ್ಕಪಕ್ಕ ಬರೆದುಕೊಳ್ಳಿ. ನಡುವಿನ ಆ ವರ್ಷಗಳೇ ಮುಚ್ಚಿಟ್ಟ ಅವಧಿ.

ವಿರುದ್ಧ ದಿಕ್ಕಿನ ತಪ್ಪನ್ನೂ ಹೇಳಬೇಕು. 2012ರ ಡಿಸೆಂಬರ್‌ನಲ್ಲಿ, ಭಾರತಕ್ಕೆ ಕಾಲಿಡಲು ವಾಲ್‌ಮಾರ್ಟ್ 125 ಕೋಟಿ ರೂಪಾಯಿ ಖರ್ಚು ಮಾಡಿತೆಂದು ನಮ್ಮ ಸಂಸತ್ತಿನಲ್ಲಿ ಗದ್ದಲವಾಯಿತು, ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರಿಂದ ವಿಚಾರಣೆ ನಡೆಯಿತು. ಸುದ್ದಿಯ ಮೂಲ 1995ರ ಕಾಯ್ದೆಯ ಇದೇ ತ್ರೈಮಾಸಿಕ ವರದಿಗಳು. ಅವುಗಳಲ್ಲಿ ಒಂದು ಅವಧಿಗೆ ಒಂದೇ ಮೊತ್ತವಿರುತ್ತದೆ, ಅದರ ಕೆಳಗೆ ಹತ್ತಾರು ವಿಷಯಗಳಿರುತ್ತವೆ. ಭಾರತದ ಮಾರುಕಟ್ಟೆ ಪ್ರವೇಶ ಆ ವಿಷಯಗಳಲ್ಲಿ ಒಂದಾಗಿತ್ತು, ಮೊತ್ತ ಎಲ್ಲ ವಿಷಯಗಳಿಗೂ ಸೇರಿದ್ದಾಗಿತ್ತು. ಲಾಬಿ ನಡೆದ ಸ್ಥಳವೂ ವಾಷಿಂಗ್ಟನ್ನೇ ಹೊರತು ದೆಹಲಿಯಲ್ಲ. ಹೀಗೆ ಇಡೀ ಮೊತ್ತವನ್ನು ಒಂದೇ ವಿಷಯದ ತಲೆಗೆ ಕಟ್ಟುವುದನ್ನು ಇಂದಿಗೂ ನೋಡುತ್ತಿದ್ದೇನೆ, ದಯವಿಟ್ಟು ನೀವು ಮಾಡಬೇಡಿ.

ನಾಲ್ಕನೇ ಹಂತ: ಖರ್ಚಿನ ಪಟ್ಟಿ

ಆದಾಯ ನೋಡಿ ಕಡತ ಮುಚ್ಚಬೇಡಿ, ಪೂರಕ ವರದಿಯ ಖರ್ಚಿನ ಪುಟಗಳಲ್ಲಿ ಪ್ರಚಾರದ ದಾರಿ ಕಾಣುತ್ತದೆ. ಚೀನಾ ಸರ್ಕಾರದ ‘ಚೈನಾ ಡೈಲಿ’ ಪತ್ರಿಕೆ 1983ರಿಂದಲೇ ಫಾರಾದಡಿ ನೋಂದಾಯಿತ. 2020ರಲ್ಲಿ ಅದು ಸಲ್ಲಿಸಿದ ಲೆಕ್ಕದಲ್ಲಿ 2016ರ ನವೆಂಬರ್‌ನಿಂದ ವಾಷಿಂಗ್ಟನ್ ಪೋಸ್ಟ್‌ಗೆ 46 ಲಕ್ಷ ಡಾಲರ್‌ಗೂ ಹೆಚ್ಚು, ವಾಲ್ ಸ್ಟ್ರೀಟ್ ಜರ್ನಲ್‌ಗೆ ಸುಮಾರು 60 ಲಕ್ಷ ಡಾಲರ್ ಪಾವತಿಸಿದ್ದು ಕಂಡಿತು. ಸುದ್ದಿಯ ರೂಪದಲ್ಲಿಯೇ ಅಚ್ಚಾದ ‘ಚೈನಾ ವಾಚ್’ ಎಂಬ ಹಣ ಕೊಟ್ಟ ಪುಟಗಳು ಆ ಪತ್ರಿಕೆಗಳ ಓದುಗರ ಮನೆಗೆ ಹೋಗುತ್ತಿದ್ದವು. ಜೊತೆಗೆ ಪ್ರಚಾರ ಸಾಮಗ್ರಿಯನ್ನು ಹಂಚಿದ 48 ಗಂಟೆಗಳಲ್ಲಿ ಪ್ರತಿಯನ್ನು ಇಲಾಖೆಗೆ ಕೊಡಬೇಕು, ಯಾರ ಪರವಾಗಿ ಹಂಚಲಾಗಿದೆ ಎಂದು ಅದರ ಮೇಲೆ ಎದ್ದು ಕಾಣುವಂತೆ ಅಚ್ಚು ಮಾಡಬೇಕು. ಆ ಪ್ರತಿಗಳನ್ನೂ ತೆರೆದು ನೋಡಿ.

ಐದನೇ ಹಂತ: ಇನ್ನೊಂದು ದೇಶದ ಲೆಕ್ಕದೊಂದಿಗೆ ತಾಳೆ

ಸಾಧ್ಯವಾದಾಗಲೆಲ್ಲ ಹಣ ಪಡೆದವನ ಲೆಕ್ಕವನ್ನು ಹಣ ಕೊಟ್ಟವನ ಲೆಕ್ಕದ ಪಕ್ಕ ಇಡಿ. ಮೊಕದ್ದಮೆ ದಾಖಲಾಗಿಲ್ಲ ಎಂಬುದನ್ನು ಶುದ್ಧತೆಯ ಪ್ರಮಾಣಪತ್ರವೆಂದು ಎಣಿಸಬೇಡಿ. 2025ರ ಫೆಬ್ರವರಿಯಿಂದ ಅಮೆರಿಕದ ನ್ಯಾಯ ಇಲಾಖೆ ಫಾರಾದ ಕ್ರಿಮಿನಲ್ ಪ್ರಕರಣಗಳನ್ನು ಬೇಹುಗಾರಿಕೆಯನ್ನು ಹೋಲುವ ಕೃತ್ಯಗಳಿಗಷ್ಟೇ ಸೀಮಿತಗೊಳಿಸಿದೆ, ಆದ್ದರಿಂದ ತಾಳೆ ನೋಡುವ ಕೆಲಸ ಹೆಚ್ಚಾಗಿ ನಮ್ಮ ಮೇಲೆಯೇ ಬಿದ್ದಿದೆ. ಎರಡು ಲೆಕ್ಕ ತಾಳೆಯಾಗದ್ದಕ್ಕೆ ಒಂದು ಉದಾಹರಣೆ: ಟಿಮೊಶೆಂಕೊ ವಿಚಾರಣೆ ನ್ಯಾಯಯುತವಾಗಿತ್ತೇ ಎಂದು ಪರಿಶೀಲಿಸಿ 2012ರಲ್ಲಿ ವರದಿ ಕೊಟ್ಟದ್ದು ಸ್ಕ್ಯಾಡೆನ್ ಎಂಬ ಅಮೆರಿಕದ ವಕೀಲರ ಸಂಸ್ಥೆ. ಅದಕ್ಕೆ ಕೊಟ್ಟದ್ದು ಸುಮಾರು 12,000 ಡಾಲರ್ ಎಂದು ಉಕ್ರೇನ್ ಸರ್ಕಾರ ಹೇಳಿತ್ತು. 2019ರ ಜನವರಿಯಲ್ಲಿ ನ್ಯಾಯ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡಾಗ ಆ ಕೆಲಸದಿಂದ ಗಳಿಸಿದ್ದೆಂದು ಸ್ಕ್ಯಾಡೆನ್ ಅಮೆರಿಕದ ಖಜಾನೆಗೆ ಒಪ್ಪಿಸಿದ ಹಣ 46 ಲಕ್ಷ ಡಾಲರ್‌ಗೂ ಹೆಚ್ಚು.