ಮರದ ಮಹಡಿಯಲ್ಲಿ ಬಚ್ಚಲುಮನೆ: ಟೈಲ್ಸ್‌ಗೆ ಮೊದಲು ನೆಲ ಗಟ್ಟಿ ಮಾಡಿ

ಮೈಸೂರಿನ ಅಗ್ರಹಾರ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆಯ ಹಳೇ ಮನೆಗಳಲ್ಲಿ, ಮಂಡ್ಯ ಸುತ್ತಿನ ತೊಟ್ಟಿಮನೆಗಳಲ್ಲಿ ಮೇಲಿನ ನೆಲ ಮರದ್ದು ಇರುವುದುಂಟು. ಕೆಳಗೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ. ಆಗೆಲ್ಲ ಮಹಡಿ ಎಂದರೆ ಮಲಗುವ ಕೋಣೆ, ಇಲ್ಲವೇ ಕಾಳುಕಡ್ಡಿ ಇಡುವ ಅಟ್ಟ. ಬಚ್ಚಲು ಹಿತ್ತಲಲ್ಲಿ ಇರುತ್ತಿತ್ತು. ಈಗ ಮನೆಯ ಹಿರಿಯರಿಗೆ ರಾತ್ರಿ ಹೊತ್ತು ಮೆಟ್ಟಿಲಿಳಿಯುವುದು ಕಷ್ಟ. ಕೆಲವರು ಹೋಂಸ್ಟೇ ಬೇರೆ ಮಾಡಿದ್ದಾರೆ. ಮಹಡಿಯಲ್ಲೇ ಒಂದು ಬಚ್ಚಲು ಬೇಕು ಅನ್ನಿಸುವುದು ಸಹಜ.

ಆಗಬಹುದು. ಆದರೆ ಟೈಲ್ಸ್ ಅಂಗಡಿಗೆ ಹೋಗುವುದು ಕೊನೆಯ ಕೆಲಸ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ತುಳಿದರೆ ಬಾಗುತ್ತದೆ. ಟೈಲ್ಸ್‌ಗೆ ಇದ್ಯಾವುದೂ ಬರುವುದಿಲ್ಲ. ಇಬ್ಬರ ಜಗಳದಲ್ಲಿ ಮೊದಲು ಗ್ರೌಟ್, ಅಂದರೆ ಟೈಲ್ಸ್ ಸಂದಿಗೆ ತುಂಬಿದ ಪುಡಿಗಾರೆ, ಬಿರುಕು ಬಿಡುತ್ತದೆ. ಆಮೇಲೆ ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು. ಬಿರುಕಿನಲ್ಲಿ ನೀರಿಳಿದು ಕೊನೆಗೆ ಜಂತೆಯೇ ಕೊಳೆಯುತ್ತದೆ.

ಕೆಳಗೆ ನಿಂತು ಮೇಲೆ ನೋಡಿ

ಕೆಳಗಿನ ಕೋಣೆಯಲ್ಲಿ ನಿಂತು ಸೂರು ನೋಡಿ. ಜಂತೆಗಳ ನಡುವೆ ಹಲಗೆ ಕಂಡರೆ ಈ ಲೇಖನ ನಿಮಗೆ. ಇಟ್ಟಿಗೆ ಕಂಡರೆ ಅದು ಮದ್ರಾಸ್ ಟೆರೇಸ್: ಜಂತೆಯ ಮೇಲೆ ಇಟ್ಟಿಗೆ ನಿಲ್ಲಿಸಿ, ಸುಣ್ಣದ ಗಾರೆ ಹಾಕಿದ ಕಟ್ಟಡ. ಅದರ ಕ್ರಮವೇ ಬೇರೆ. ಅದಕ್ಕೆ ಹಳೇ ಕಟ್ಟಡ ಗೊತ್ತಿರುವ ಎಂಜಿನಿಯರನ್ನು ಕರೆಸಿ.

ಹಲಗೆಯೇ ಆಗಿದ್ದರೆ, ಬಚ್ಚಲು ಬರುವ ಜಾಗದ ಹಲಗೆಗಳನ್ನು ಪೂರ್ತಿ ಬಿಚ್ಚಿಸಿ. ಹಲಗೆಯ ಮೇಲೆಯೇ ಪ್ಲೈವುಡ್ ಹಾಕಿ ಮುಗಿಸೋಣ ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬಿಚ್ಚದಿದ್ದರೆ ಜಂತೆಯ ಮೇಲ್ಮೈ ಹೇಗಿದೆ ಎಂದು ತಿಳಿಯುವುದಿಲ್ಲ, ನೆಲದ ಎತ್ತರವೂ ಸುಮ್ನೆ ಜಾಸ್ತಿ ಆಗುತ್ತದೆ. ಬಿಚ್ಚಿದ ಹಲಗೆ ತೇಗದ್ದೋ ಹೊನ್ನೆಯದೋ ಆಗಿದ್ದರೆ ಎತ್ತಿಡಿ. ಒಳ್ಳೇ ಶೆಲ್ಫ್ ಆಗುತ್ತದೆ.

ಈಗ ಸ್ಕ್ರೂಡ್ರೈವರ್ ತೆಗೆದುಕೊಂಡು ಪ್ರತಿ ಜಂತೆಯನ್ನೂ ಚುಚ್ಚಿ ನೋಡಿ. ಗಟ್ಟಿ ಮರದಲ್ಲಿ ತುದಿ ಇಳಿಯುವುದಿಲ್ಲ. ಮೆತ್ತಗೆ ಇಳಿದರೆ ಅಲ್ಲಿ ಮರ ಸತ್ತಿದೆ. ಮುಖ್ಯವಾಗಿ ಜಂತೆಯ ತುದಿ ಗೋಡೆಯೊಳಗೆ ಹೋಗುವ ಜಾಗ ನೋಡಿ. ಗೋಡೆಯ ತೇವವನ್ನು ಮರ ಹೀರುವುದು ಅಲ್ಲೇ, ಕೊಳೆಯುವುದೂ ಅಲ್ಲಿಂದಲೇ. ಮಣ್ಣಿನ ಗೆರೆಗಳಿದ್ದರೆ ಗೆದ್ದಲು. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಮರ ಕೊರೆಯುವ ಹುಳ. ನಾಲೆ ಬಯಲಿನ ಹಳ್ಳಿಗಳಲ್ಲಿ ಗದ್ದೆಗೆ ಅಂಟಿಕೊಂಡ ಮನೆಯಾದರೆ ಇದನ್ನು ಇನ್ನೂ ಎಚ್ಚರಿಕೆಯಿಂದ ನೋಡಬೇಕು. ಔಷಧಿ ಹೊಡೆಸಿ, ಅದು ಪೂರ್ತಿ ಒಣಗಿದ ಮೇಲೆಯೇ ಮುಂದಿನ ಕೆಲಸ.

ಅಲುಗಾಟ ನಿಲ್ಲಿಸುವುದು

ಟೈಲ್ಸ್ ಹಾಕುವ ಮರದ ನೆಲಕ್ಕೆ ಒಂದು ಲೆಕ್ಕವಿದೆ. ಭಾರ ಬಿದ್ದಾಗ ಜಂತೆ ತನ್ನ ಉದ್ದದ 360ನೇ ಒಂದು ಭಾಗಕ್ಕಿಂತ ಜಾಸ್ತಿ ಬಾಗಬಾರದು. ಹತ್ತು ಅಡಿ ಜಂತೆಗೆ ಇದು ಸುಮಾರು 8 ಮಿಲಿಮೀಟರ್. ಗ್ರಾನೈಟ್, ಮಾರ್ಬಲ್‌ನಂಥ ಕಲ್ಲಾದರೆ ಇದರ ಅರ್ಧ. ಹಾಗಾಗಿ ಹಳೇ ಮರದ ನೆಲದ ಮೇಲೆ ಕಲ್ಲು ಹಾಸುವ ಆಸೆ ಬಿಡುವುದೇ ಒಳ್ಳೆಯದು.

ಮನೆಯಲ್ಲಿ ಅಂದಾಜು ನೋಡಲು ಒಂದು ಉಪಾಯ: ಹಲಗೆ ಬಿಚ್ಚುವ ಮೊದಲೇ ನೆಲದ ಮಧ್ಯದಲ್ಲಿ ಒಂದು ಲೋಟ ನೀರು ತುಂಬಿಟ್ಟು, ಪಕ್ಕದಲ್ಲಿ ಯಾರಾದರೂ ಹಿಮ್ಮಡಿ ಊರಿ ನಡೆಯಲಿ. ನೀರು ಚೆಲ್ಲುವಷ್ಟು ಅಲುಗಿದರೆ ಆ ನೆಲಕ್ಕೆ ಬಲ ಬೇಕು. ಇದು ಅಂದಾಜು ಅಷ್ಟೇ. ಜಂತೆಯ ಅಗಲ, ಎತ್ತರ, ಉದ್ದ ಬರೆದುಕೊಂಡು ಎಂಜಿನಿಯರಿಗೆ ತೋರಿಸಿ ಲೆಕ್ಕ ಹಾಕಿಸುವುದು ಖಂಡಿತ ಬೇಕು.

ಬಲ ಕೊಡುವುದು ಬಡಗಿ ಕೆಲಸ. ಹಳೇ ಜಂತೆಯ ಪಕ್ಕಕ್ಕೆ ಅಷ್ಟೇ ಎತ್ತರದ ಹೊಸ ಜಂತೆ ಅಂಟಿಸಿ ಬೋಲ್ಟ್ ಹಾಕಬೇಕು. ಹೊಸದೂ ಎರಡು ಕಡೆ ಗೋಡೆಯ ಮೇಲೋ ತೊಲೆಯ ಮೇಲೋ ಕೂತಿರಬೇಕು. ಜಂತೆಗಳ ನಡುವೆ ಅಡ್ಡ ತುಂಡುಗಳನ್ನು ಬಿಗಿಯಾಗಿ ಬಡಿಸಿದರೆ ಒಂದರ ಭಾರವನ್ನು ಪಕ್ಕದ್ದೂ ಹೊರುತ್ತದೆ. ಮರ ಚೆನ್ನಾಗಿ ಒಣಗಿದ್ದಾಗಿರಲಿ. ಡಿಪೋದಿಂದ ಹಸಿ ಮರ ತಂದರೆ ಅದು ಒಣಗುತ್ತಾ ತಿರುಚಿಕೊಳ್ಳುತ್ತದೆ.

ಇಷ್ಟಾದರೂ ನೆಲ ಅಲುಗಿದರೆ ಬಚ್ಚಲನ್ನು ಕೆಳಗೇ ಕಟ್ಟಿ. ಖರ್ಚೂ ಕಡಿಮೆ, ನಿದ್ದೆಯೂ ಬರುತ್ತದೆ.

ಗಾರೆ ಸುರಿಯಬೇಡಿ

ನಮ್ಮ ಕಡೆ ಟೈಲ್ಸ್ ಹಾಕುವವರು ಬಂದ ತಕ್ಷಣ ಕೇಳುವುದು ಮರಳು ಎಲ್ಲಿ ಇಳಿಸಲಿ ಎಂದೇ. ಎರಡಿಂಚು ಗಾರೆ ಹಾಸಿ, ರಸಮಟ್ಟ ಇಟ್ಟು ನೋಡಿ, ಮೇಲೆ ಟೈಲ್ಸ್ ಕೂರಿಸುವುದು ಅವರಿಗೆ ರೂಢಿ. ಕಾಂಕ್ರೀಟ್ ಮೇಲೆ ಅದು ನಡೆಯುತ್ತದೆ. ಮರದ ಮೇಲೆ ಅದೇ ದೊಡ್ಡ ತಪ್ಪು. ಎರಡಿಂಚು ಗಾರೆ ಚದರಡಿಗೆ ಹತ್ತಿರತ್ತಿರ 10 ಕೆ.ಜಿ. ತೂಗುತ್ತದೆ. ಐದಕ್ಕೆ ಏಳು ಅಡಿಯ ಬಚ್ಚಲಿಗೆ 350 ಕೆ.ಜಿ. ಆಯಿತು. ಇನ್ನೂ ಟೈಲ್ಸ್ ಬಂದೇ ಇಲ್ಲ! ಜೊತೆಗೆ ಗಾರೆಯ ನೀರನ್ನು ಮರ ಹೀರಿ ಉಬ್ಬುತ್ತದೆ. ಮುಂದೆ ಹೇಳುವ ರೀತಿಯಲ್ಲಿ ಮಾಡಿದರೆ ಟೈಲ್ಸ್ ಸೇರಿಯೂ ಭಾರ ಸುಮಾರು ಇದರ ಅರ್ಧ ಅಷ್ಟೇ.

ಭಾರದ ಮಾತು ಬಂದಾಗ ಇನ್ನೆರಡು ವಿಷಯ. 200 ಲೀಟರ್ ಡ್ರಮ್ ತುಂಬಿಟ್ಟರೆ 200 ಕೆ.ಜಿ. ಅದು ಮಹಡಿಯಲ್ಲಿ ಬೇಡ. ಬಟ್ಟೆ ಒಗೆಯುವ ಕಲ್ಲಂತೂ ಬೇಡವೇ ಬೇಡ. ಕಲ್ಲಿನ ಭಾರಕ್ಕಿಂತ ಬಡಿತ ಕೆಟ್ಟದ್ದು.

ಪ್ಲಂಬರ್ ಮೊದಲು, ಕಣ್ಣು ಅವರ ಮೇಲೆ

ಪೈಪುಗಳು ಈಗಲೇ ಬರಬೇಕು. ಕಮೋಡ್‌ನ ನಾಲ್ಕಿಂಚು ಪೈಪ್ ಜಂತೆಗಳ ನಡುವೆ, ಜಂತೆಯ ಜೊತೆಜೊತೆಗೇ ಹೋಗಬೇಕು. ಅಡ್ಡ ಹೋಗಲೇಬೇಕೆಂದು ಜಂತೆ ಕತ್ತರಿಸಲು ಬಿಡಬೇಡಿ. ಸಣ್ಣ ನೀರಿನ ಪೈಪಿಗೆ ತೂತು ಕೊರೆಯಬಹುದು. ಆದರೆ ತೂತು ಜಂತೆಯ ಎತ್ತರದ ಮಧ್ಯದಲ್ಲಿರಲಿ, ಎತ್ತರದ ಮೂರನೇ ಒಂದು ಭಾಗ ಮೀರದಿರಲಿ. ಜಂತೆಯ ಕೆಳ ಅಂಚಿಗೆ ಗರಗಸ ಮುಟ್ಟಿಸಲೇಬಾರದು. ಇಂಡಿಯನ್ ಕಮೋಡ್‌ಗೆ ನೆಲ ತಗ್ಗಿಸಬೇಕಾಗುತ್ತದೆ. ಅದು ಇಲ್ಲಿ ಆಗುವ ಮಾತಲ್ಲ.

ಪ್ಲೈವುಡ್, ಅದರ ಮೇಲೆ ಸಿಮೆಂಟ್ ಬೋರ್ಡ್

ನೀರು ಹರಿಯುವ ಇಳಿಜಾರನ್ನು ಮರದಲ್ಲೇ ಮಾಡಿಕೊಳ್ಳಬೇಕು. ಸ್ನಾನದ ಜಾಗಕ್ಕೆ 50ಕ್ಕೆ 1 ಸಾಕು, ಅಂದರೆ ಐದು ಅಡಿಗೆ ಒಂದು ಇಂಚು ಚಿಲ್ಲರೆ. ನಹಾನಿ ಟ್ರ್ಯಾಪ್, ಅಂದರೆ ನೆಲದ ನೀರು ಹೊರಹೋಗುವ ಜಾಲರಿ ಬಾಯಿ, ಜಂತೆಯ ತುದಿಯ ಕಡೆ ಬಂದರೆ, ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳುವಾಗಿ ಸೀಳಿದ ಪಟ್ಟಿಗಳನ್ನು ಜಂತೆಗಳ ಮೇಲೆ ಹೊಡೆಯಿರಿ. ಟ್ರ್ಯಾಪ್ ಪಕ್ಕದ ಗೋಡೆಗೆ ಬಂದರೆ ಒಂದೊಂದು ಜಂತೆಗೆ ಒಂದೊಂದು ದಪ್ಪದ ಪಟ್ಟಿ, ದೂರದ್ದಕ್ಕೆ ದಪ್ಪ, ಹತ್ತಿರದ್ದಕ್ಕೆ ತೆಳು.

ಅದರ ಮೇಲೆ 19 ಮಿಲಿಮೀಟರ್ ಮರೈನ್ ಪ್ಲೈವುಡ್. ಹಾಳೆಯ ಮೇಲೆ ಐಎಸ್ 710 ಮುದ್ರೆ ಇದೆಯೇ ನೋಡಿ. ಸಾಮಾನ್ಯ ಕಮರ್ಷಿಯಲ್ ಪ್ಲೈ ನೀರು ತಾಗಿದರೆ ಪದರ ಬಿಡುತ್ತದೆ. ಹಾಳೆಯ ಉದ್ದ ಜಂತೆಗಳಿಗೆ ಅಡ್ಡವಾಗಿ ಬರಲಿ, ಅಂಚುಗಳ ಕೆಳಗೆ ಮರದ ಆಸರೆ ಇರಲಿ. ಎರಡು ಹಾಳೆಗಳ ನಡುವೆ 3 ಮಿಲಿಮೀಟರ್, ಗೋಡೆಯ ಹತ್ತಿರ 6 ಮಿಲಿಮೀಟರ್ ಸಂದು ಬಿಡಿ. ಮೊಳೆ ಬೇಡ, ಸ್ಕ್ರೂ ಹಾಕಿ. ಅಂಗಡಿಯವರು ಜಿಪ್ಸಮ್ ಕೆಲಸದ ಕಪ್ಪು ಸ್ಕ್ರೂ ಕೊಡುತ್ತಾರೆ, ತೆಗೆದುಕೊಳ್ಳಬೇಡಿ. ಬಚ್ಚಲಲ್ಲಿ ಅದು ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಕೇಳಿ.

ಪ್ಲೈ ಮೇಲೆ ನೇರವಾಗಿ ಟೈಲ್ಸ್ ಬೇಡ. ನಡುವೆ 8 ಮಿಲಿಮೀಟರ್ ಫೈಬರ್ ಸಿಮೆಂಟ್ ಬೋರ್ಡ್ ಬರಬೇಕು. ಬೋರ್ಡ್ ನೆಲಕ್ಕೆ ಬಲ ಕೊಡುವುದಿಲ್ಲ, ಅದಿರುವುದು ಟೈಲ್ಸ್‌ಗೆ ಒಳ್ಳೆಯ ಹಿಡಿತ ಸಿಗಲಿ ಎಂದು. ಪ್ಲೈ ಮೇಲೆ ಹಲ್ಲಿನ ಕರಣೆಯಿಂದ ಟೈಲ್ ಅಡೆಸಿವ್ ಬಳಿದು, ಅದು ಹಸಿಯಿರುವಾಗಲೇ ಬೋರ್ಡ್ ಒತ್ತಿ, ಎಂಟು ಇಂಚಿಗೊಂದು ಸ್ಕ್ರೂ ಹಾಕಿ. ಈ ಅಡೆಸಿವ್ ಬಿಟ್ಟುಬಿಟ್ಟರೆ ಬೋರ್ಡ್ ಕೆಳಗೆ ಅಲ್ಲಲ್ಲಿ ಗಾಳಿ ಉಳಿದು, ತುಳಿದಾಗ ಕಟಕಟ ಅನ್ನುತ್ತದೆ. ಬೋರ್ಡಿನ ಸಂದು ಪ್ಲೈ ಸಂದಿನ ಮೇಲೆಯೇ ಬರಬಾರದು. ಸಂದುಗಳಿಗೆ ಅಡೆಸಿವ್ ತುಂಬಿ, ಸಿಮೆಂಟಿಗೆ ಕರಗದ ಫೈಬರ್ ಜಾಲರಿ ಟೇಪ್ ಕೂರಿಸಿ.

ನೀರು ಎಲ್ಲ ಕಡೆ ಹೋಗುತ್ತದೆ

ಯೂಟ್ಯೂಬ್‌ನಲ್ಲಿ ಹೊರದೇಶದ ವಿಡಿಯೋ ನೋಡಿದರೆ ಷವರ್ ಕೆಳಗೆ ಮಾತ್ರ ವಾಟರ್ ಪ್ರೂಫಿಂಗ್ ಹಚ್ಚುತ್ತಾರೆ. ಅವರ ಬಚ್ಚಲಿನ ಉಳಿದ ನೆಲ ಒಣಗಿರುತ್ತದೆ. ನಮ್ಮದು ಬಕೆಟ್, ಚೊಂಬು. ಎಣ್ಣೆ ಸ್ನಾನದ ದಿನ ಕೇಳಲೇಬೇಡಿ. ಹಾಗಾಗಿ ಇಡೀ ನೆಲಕ್ಕೂ ಬಾಗುವ ಗುಣದ ವಾಟರ್ ಪ್ರೂಫಿಂಗ್ ಹಚ್ಚಬೇಕು. ಗೋಡೆಗೆ ಎಲ್ಲ ಕಡೆ ಒಂದಡಿ, ಸ್ನಾನ ಮಾಡುವ ಕಡೆ ಆರಡಿ ಎತ್ತರಕ್ಕೆ. ಗೋಡೆ ಮತ್ತು ನೆಲ ಸೇರುವ ಮೂಲೆ, ಪೈಪಿನ ಸುತ್ತ ಮೊದಲು ಬಟ್ಟೆಯಂಥ ಪಟ್ಟಿ ಅಂಟಿಸಿ. ಎರಡು ಕೋಟ್, ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಬಾಗಿಲಲ್ಲಿ ಗ್ರಾನೈಟ್ ಪಟ್ಟಿ ಕೊಟ್ಟು, ಲೇಪವನ್ನು ಅದರ ಅಡಿಯವರೆಗೂ ಎಳೆಯಿರಿ. ಇಲ್ಲದಿದ್ದರೆ ನೀರು ಕೋಣೆಯ ಹಲಗೆಗೆ ನುಗ್ಗುತ್ತದೆ.

ಪೂರ್ತಿ ಒಣಗಿದ ಮೇಲೆ ಟ್ರ್ಯಾಪ್ ಮುಚ್ಚಿ, ಇಡೀ ನೆಲ ಮುಳುಗುವಂತೆ ನೀರು ಕಟ್ಟಿ ಕನಿಷ್ಠ 24 ಗಂಟೆ ಬಿಡಿ. ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ. ಕೆಳಗಿನಿಂದ ಟಾರ್ಚ್ ಬಿಟ್ಟು ಒಂದೊಂದು ಜಂತೆಯನ್ನೂ ನೋಡಿ. ಮೇಸ್ತ್ರಿ ಅವಸರ ಮಾಡಿದರೂ ಈ ಒಂದು ದಿನ ಮಾತ್ರ ಬಿಟ್ಟುಕೊಡಬೇಡಿ.

ಯಾವಾಗ ಮಾಡಿಸಬೇಕು? ದಸರಾಕ್ಕೆ ನೆಂಟರು ಬರುತ್ತಾರೆ ಎಂದು ಆಷಾಢ ಮುಗಿದ ತಕ್ಷಣ ಶುರು ಮಾಡುವವರು ಜಾಸ್ತಿ. ಆಗ ಮಳೆ, ಮರ ಉಬ್ಬಿರುತ್ತದೆ. ಏಪ್ರಿಲ್ ಬಿಸಿಲಲ್ಲಿ ಮರ ತೀರಾ ಕುಗ್ಗಿರುತ್ತದೆ. ಡಿಸೆಂಬರ್, ಜನವರಿ ವಾಸಿ.

ಟೈಲ್ಸ್ ಕೂರಿಸುವಾಗ

ಒಂದಡಿಯ ಟೈಲ್ಸ್ ತೆಗೆದುಕೊಳ್ಳಿ, ಇಳಿಜಾರಿಗೆ ಚೆನ್ನಾಗಿ ಹೊಂದುತ್ತದೆ. ಮೇಲ್ಮೈ ಜಾರದ್ದಾಗಿರಲಿ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದೇ ಇಲ್ಲ ಅನ್ನುವಷ್ಟು ಕಡಿಮೆ, ಆದ್ದರಿಂದ ಬರೀ ಸಿಮೆಂಟ್ ಹಾಲಿಗೆ ಅಂಟುವುದಿಲ್ಲ. ಚೀಲದ ಮೇಲೆ ಎಸ್1 ಎಂದು ಬರೆದಿರುವ ಬಾಗುವ ಅಡೆಸಿವ್ ಬೇಕು. ಟೈಲ್ಸ್ ಹಿಂಬದಿಗೆ ಅಲ್ಲಲ್ಲಿ ಉಂಡೆ ಇಡುವುದಲ್ಲ, ಪೂರ್ತಿ ಹರಡಬೇಕು. ನಡುವೆ 3 ಮಿಲಿಮೀಟರ್ ಸ್ಪೇಸರ್. ಗೋಡೆ ಸೇರುವ ಕಡೆ ಗ್ರೌಟ್ ಬದಲು ಸಿಲಿಕೋನ್ ತುಂಬಿ, ಮರ ಸ್ವಲ್ಪ ಸರಿದರೂ ಅದು ಹಿಗ್ಗಿಕೊಳ್ಳುತ್ತದೆ. ಬೇರೆ ಸಂದುಗಳಿಗೆ ದುಡ್ಡಿದ್ದರೆ ಎಪಾಕ್ಸಿ ಗ್ರೌಟ್. ಸಿಮೆಂಟ್ ಗ್ರೌಟ್ ಹಾಕಿದ ಬಚ್ಚಲನ್ನು ಆಸಿಡ್ ಹಾಕಿ ತೊಳೆಯಬೇಡಿ, ಗ್ರೌಟನ್ನೇ ತಿನ್ನುತ್ತದೆ.

ಕೆಳಗಿನ ಕೋಣೆಯ ಸೂರಿಗೆ ಪಿಒಪಿ ಹೊಡೆಸಿ ಮುಚ್ಚುವ ಯೋಚನೆ ಇದ್ದರೆ, ಟ್ರ್ಯಾಪ್ ಕೆಳಗೆ ಒಂದೂವರೆ ಅಡಿಯ ಬಿಚ್ಚುವ ಬಾಗಿಲು ಬಿಡಿಸಿ. ಮಳೆಗಾಲ ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ ಅದನ್ನು ತೆಗೆದು ಮರಕ್ಕೆ ಕೈಯಿಟ್ಟು ತೇವ ನೋಡಿ.