ದೀಪಕ್ಕೆ ಬಂದ ಪತಂಗದ ಹೆಸರು ನೀರೊಳಗೆ ಸಿಕ್ಕಿತು

ಕೆರೆ ಏರಿಯ ಮೇಲೆ ಬಿಳಿ ಬಟ್ಟೆ ಕಟ್ಟಿ, ಮುಂದೆ ಯುವಿ ಬಲ್ಬ್ ಹಚ್ಚಿ ಕೂರುವುದು ನನಗೆ ಹಳೆಯ ಅಭ್ಯಾಸ. ಆ ರಾತ್ರಿ ಕತ್ತಲಾಗಿ ಒಂದು ಗಂಟೆಯೊಳಗೆ ಇಪ್ಪತ್ತಕ್ಕೂ ಜಾಸ್ತಿ ಪುಟ್ಟ ಪತಂಗಗಳು ಬಂದು ಬಟ್ಟೆ ಮೇಲೆ ಕೂತವು. ರೆಕ್ಕೆ ಬಿಚ್ಚಿದರೆ ಒಂದೂವರೆ ಸೆಂಟಿಮೀಟರ್ ಅಷ್ಟೇ. ಬಿಳಿ ರೆಕ್ಕೆ, ಅದರ ಮೇಲೆ ತಿಳಿ ಕಂದು ಪಟ್ಟೆಗಳು.

ಫೋಟೊ ಹೋಲಿಸಿ ನೋಡಿ 'ಪ್ಯಾರಾಪಾಯಿಂಕ್ಸ್ ಸ್ಟ್ಯಾಗ್ನಾಲಿಸ್' ಎಂದು ಬರೆದುಕೊಂಡೆ. ಭತ್ತ ಬೆಳೆಯುವವರಿಗೆ ಇದರ ಮರಿ ಗೊತ್ತು, ಕೊಳವೆ ಹುಳು. ಎಲೆಯ ತುದಿ ಕತ್ತರಿಸಿ ಕೊಳವೆ ಮಾಡಿಕೊಂಡು, ಅದರೊಳಗೆ ಕೂತು ನೀರಿನ ಮೇಲೆ ತೇಲುತ್ತದೆ.

ಮನೆಗೆ ಬಂದ ಮೇಲೆ ಅನುಮಾನ ಶುರುವಾಯಿತು. ಕೊಳವೆ ಹುಳುವಿಗೆ ಭತ್ತ ಬೇಕು, ಇಲ್ಲದಿದ್ದರೆ ನೀರಲ್ಲಿ ನಿಂತ ಹುಲ್ಲಾದರೂ ಬೇಕು. ಆ ಕೆರೆಯ ಅಂಚಿನಲ್ಲಿ ಎರಡೂ ಇಲ್ಲ. ಏರಿಯಿಂದ ಇಳಿದರೆ ಆಳದ ನೀರೇ. ನೀರ ತುಂಬ ಹೈಡ್ರಿಲ್ಲಾ ಕಳೆ. ಹಾಗಾದರೆ ಇಷ್ಟೊಂದು ಪತಂಗಗಳ ಮರಿಗಳು ಏನು ತಿಂದು ಬೆಳೆದವು?

ಬೆಳಿಗ್ಗೆ ಒಂದು ಹಿಡಿ ಹೈಡ್ರಿಲ್ಲಾ ಎಳೆದು ಬಿಳಿ ತಟ್ಟೆಯ ನೀರಿಗೆ ಹಾಕಿದೆ. ಬಿಳಿ ತಟ್ಟೆ ಮುಖ್ಯ, ಕಪ್ಪು ಬಕೆಟ್‌ನಲ್ಲಿ ಏನೂ ಕಾಣಲ್ಲ. ಕೆಲವು ಕಡ್ಡಿಗಳಲ್ಲಿ ಎಲೆಯೇ ಇರಲಿಲ್ಲ, ಬೋಳಾಗಿದ್ದವು. ಐದು ನಿಮಿಷ ಸುಮ್ನೆ ನೋಡುತ್ತಾ ಕೂತೆ. ಒಂದು ಎಲೆಚೂರು ತಾನಾಗೇ ನಡೆಯಿತು! ಲೆನ್ಸ್ ಹಿಡಿದರೆ, ಎಲೆಗಳನ್ನು ರೇಷ್ಮೆ ಎಳೆಯಿಂದ ಸೇರಿಸಿ ಮಾಡಿದ ಚೀಲ. ಒಳಗಿನಿಂದ ಪುಟ್ಟ ತಲೆ ಹೊರಗೆ ಬಂತು. ಮೆಲ್ಲಗೆ ಚೀಲ ಬಿಡಿಸಿದೆ. ಮರಿಯ ಮೈಯ ಎರಡೂ ಬದಿಗೆ ಕವಲೊಡೆದ ಬಿಳಿ ದಾರಗಳ ಗೊಂಚಲು. ಅದೇ ಕಿವಿರು. ಪತಂಗದ ಮರಿ ಮೀನಿನ ಹಾಗೆ ನೀರೊಳಗೇ ಉಸಿರಾಡುವುದನ್ನು ಕಣ್ಣಾರೆ ಕಂಡ ಆ ಗಳಿಗೆಯನ್ನು ನಾನು ಮರೆಯಲಾರೆ.

ಅದೇ ತಟ್ಟೆಯಲ್ಲಿ ಇನ್ನೊಂದು ಮರಿ ಇತ್ತು, ಅದಕ್ಕೂ ಎಲೆಯ ಚೀಲ. ಆದರೆ ಕಿವಿರಿಲ್ಲ, ಮೈ ನುಣುಪು. ಅದು ಎಲೋಫಿಲಾ ಎಂಬ ಇನ್ನೊಂದು ಪತಂಗ ಕುಲದ್ದು. ಪ್ಯಾರಾಪಾಯಿಂಕ್ಸ್ ಕುಲದ ಬಲಿತ ಮರಿಗೆ ಕಿವಿರಿರುತ್ತದೆ, ಎಲೋಫಿಲಾಗೆ ಇರುವುದಿಲ್ಲ. ಎಳೇ ಮರಿಯಲ್ಲಿ ಮಾತ್ರ ಈ ಗುರುತು ನಂಬಬೇಡಿ, ಮೊಟ್ಟೆಯಿಂದ ಹೊಸದಾಗಿ ಬಂದಾಗ ಪ್ಯಾರಾಪಾಯಿಂಕ್ಸ್‌ಗೂ ಕಿವಿರು ಇರಲ್ಲ.

ಸಾಕಿ ನೋಡೋಣ ಎಂದು ಐದು ಮರಿ ಜಾಡಿಗೆ ಹಾಕಿದೆ. ಕಳೆ ಜಾಸ್ತಿ ತುರುಕಿದ್ದೆ. ಎರಡೇ ದಿನಕ್ಕೆ ಅದು ಕೊಳೆತು ನೀರು ನಾರಿತು, ಐದೂ ಸತ್ತವು. ತುಂಬಾ ಬೇಜಾರಾಯಿತು. ಎರಡನೇ ಸಲ ನಾಲ್ಕೇ ಕಡ್ಡಿ, ಕೆರೆಯದ್ದೇ ನೀರು, ದಿನ ಬಿಟ್ಟು ದಿನ ಅರ್ಧ ನೀರು ಬದಲು. ಬಾಯಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ ಬಿಸಿಲು ಬೀಳದ ಕಡೆ ಇಟ್ಟೆ. ಒಂಬತ್ತನೇ ದಿನ ಒಂದು ಮರಿ ನೀರೊಳಗಿನ ಕಡ್ಡಿಗೇ ಅಂಟಿಕೊಂಡು ರೇಷ್ಮೆ ಗೂಡು ಕಟ್ಟಿತು. ಮತ್ತೊಂದು ವಾರಕ್ಕೆ, ಬೆಳಿಗ್ಗೆ ನೋಡಿದರೆ ಪತಂಗ ಪರದೆಗೆ ಕೂತಿತ್ತು. ಒಂದು ಪುಡಿಯೂ ಉದುರದ ಹೊಸ ರೆಕ್ಕೆ.

ದೀಪಕ್ಕೆ ಬರುವಷ್ಟರಲ್ಲಿ ಎಷ್ಟೋ ಪತಂಗಗಳ ರೆಕ್ಕೆ ಸವೆದಿರುತ್ತದೆ, ಪಟ್ಟೆ ಮಾಸಿರುತ್ತದೆ. ಹೊಸ ರೆಕ್ಕೆಯನ್ನು ಹೋಲಿಸಿದಾಗ ಇದು ಪ್ಯಾರಾಪಾಯಿಂಕ್ಸ್ ಡಿಮಿನ್ಯುಟಾಲಿಸ್ ಅನ್ನಿಸಿತು. ಈ ಕುಲದಲ್ಲಿ ಒಂದನ್ನೊಂದು ಹೋಲುವ ಜಾತಿಗಳಿರುವುದರಿಂದ ರೆಕ್ಕೆ ಒಂದನ್ನೇ ನಂಬಲಿಲ್ಲ. ಪತಂಗಗಳನ್ನು ಓದಿಕೊಂಡ ಗೆಳೆಯರೊಬ್ಬರು ಹೊಟ್ಟೆಯ ತುದಿಯ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೌದೆಂದರು.

ಏಷ್ಯಾ ಮೂಲದ ಈ ಪತಂಗ 1976ರಲ್ಲಿ ಅಮೆರಿಕದ ಫ್ಲೋರಿಡಾದಲ್ಲೂ ಕಾಣಿಸಿಕೊಂಡಿತು. ಅಲ್ಲಿ ಹೈಡ್ರಿಲ್ಲಾ ದೊಡ್ಡ ಪಿಡುಗು. ಆದರೂ ಆ ಕಳೆ ತಿನ್ನಲಿ ಎಂದು ಈ ಪತಂಗವನ್ನು ಯಾರೂ ಬೇಕೆಂದು ಬಿಟ್ಟಿರಲಿಲ್ಲ, ಏಕೆಂದರೆ ಇದು ಬೇರೆ ನೀರುಗಿಡಗಳನ್ನೂ ತಿನ್ನುತ್ತದೆ. ಅದಕ್ಕೇ ಹೈಡ್ರಿಲ್ಲಾ ಇದ್ದ ಮಾತ್ರಕ್ಕೆ ಇದೇ ಪತಂಗ ಅನ್ನಲಾಗದು. ಎಲ್ಲಿ ಹುಡುಕಬೇಕು ಎಂದು ಗಿಡ ತೋರಿಸುತ್ತದೆ, ಅಷ್ಟೇ ಅಲ್ವಾ?

ಈಗ ಫೋಟೊ ಜೊತೆ ನೀರಿನ ಆಳ, ಅದು ನಿಂತಿದೆಯೋ ಹರಿಯುತ್ತಿದೆಯೋ, ಒಳಗೆ ಯಾವ ಗಿಡ, ಯಾವುದರ ಎಲೆ ಬೋಳಾಗಿದೆ, ಇಷ್ಟನ್ನೂ ಬರೆದಿಡುತ್ತೇನೆ. ಹಿಂದೆ ಸ್ಟ್ಯಾಗ್ನಾಲಿಸ್ ಎಂದು ಬರೆದಿಟ್ಟ ಏಳು ಫೋಟೊಗಳಿಗೆ ಪ್ರಶ್ನೆ ಚಿಹ್ನೆ ಹಾಕಿದ್ದೇನೆ. ಬಿಳಿ ತಟ್ಟೆ ಹಿಡಿದು ಆ ಕೆರೆಗಳಿಗೆಲ್ಲ ಇನ್ನೊಮ್ಮೆ ಹೋಗಬೇಕು.