ಏರಿನಲ್ಲಿ ಮಾತ್ರ ಕೇಳಿಸುತ್ತಿದ್ದ ಸದ್ದು

ಸಮತಟ್ಟಾದ ರಸ್ತೆಯಲ್ಲಿ ನನ್ನ ಪೆಟ್ರೋಲ್ ಕಾರಿನದು ಯಾವ ತಕರಾರೂ ಇರಲಿಲ್ಲ. ಏರು ಸಿಕ್ಕಿ, ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದರೆ ಸಾಕು, ತಗಡಿನ ಡಬ್ಬಿಗೆ ಹರಳು ಹಾಕಿ ಕುಲುಕಿದಂತೆ ಬಾನೆಟ್ ಒಳಗಿನಿಂದ ಕಟಕಟ ಸದ್ದು ಬರುತ್ತಿತ್ತು. ಕಾಲು ತೆಗೆದರೆ ನಿಂತುಹೋಗುತ್ತಿತ್ತು.

ಮೊದಲು ಹೆದರಿದ್ದು ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆದಿದೆಯೇನೋ ಎಂದು. ಆ ಸದ್ದಿನ ಬಗೆಯೇ ಬೇರೆ. ಎಂಜಿನ್ನಿನ ತಳದಿಂದ ಸುತ್ತಿಗೆ ಏಟಿನಂತೆ ದಪ್ಪಗೆ ಬರುತ್ತದೆ, ಗಾಡಿ ನಿಂತಿರುವಾಗ ರೇಸ್ ಮಾಡಿದರೂ ಕೇಳಿಸುತ್ತದೆ. ಅಂಥ ಸದ್ದು ಕೇಳಿದರೆ ಎಂಜಿನ್ ಆಫ್ ಮಾಡಿ ಎಳೆಸಿಕೊಂಡು ಹೋಗಬೇಕು, ಓಡಿಸಲೇಬಾರದು. ನನ್ನದು ತೆಳುವಾದ ಸದ್ದು, ಭಾರ ಬಿದ್ದಾಗ ಮಾತ್ರ ಬರುವಂಥದ್ದು. ಸ್ಪಾರ್ಕ್ ಹೊತ್ತಿಸಿದ ಜ್ವಾಲೆ ಸಿಲಿಂಡರ್ ತುಂಬ ಹರಡುವ ಮೊದಲೇ, ಮೂಲೆಯಲ್ಲಿ ಉಳಿದ ಪೆಟ್ರೋಲ್-ಗಾಳಿ ಮಿಶ್ರಣ ಒತ್ತಡಕ್ಕೂ ಬಿಸಿಗೂ ಸಿಕ್ಕಿ ತಾನಾಗಿಯೇ ಒಮ್ಮೆಲೇ ಸಿಡಿಯುತ್ತದೆ. ನಾವು ನಾಕಿಂಗ್ ಎನ್ನುವುದು ಇದನ್ನೇ. ಹೀಗೇ ಬಿಟ್ಟರೆ ಪಿಸ್ಟನ್ ಬಿರುಕು ಬಿಡುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ.

ಗೇರ್ ಇಳಿಸಿ ನೋಡಿದೆ. ಮೂರನೆಯದರಲ್ಲಿ ಸದ್ದು ಕಡಿಮೆಯಾಯಿತು, ಹೋಗಲಿಲ್ಲ. ಟ್ಯಾಂಕ್ ಬಹುತೇಕ ಖಾಲಿ ಮಾಡಿ ಹೆಚ್ಚು ಆಕ್ಟೇನ್ (ಪೆಟ್ರೋಲ್ ತಾನಾಗಿ ಸಿಡಿಯದಂತೆ ತಡೆಯುವ ಗುಣದ ಅಳತೆ) ಇರುವ ಪೆಟ್ರೋಲ್ ತುಂಬಿಸಿದೆ. ಆಗಲೂ ಅಷ್ಟೇ. ಕೈಪಿಡಿಯಲ್ಲಿ ಹೇಳಿದ ಆಕ್ಟೇನನ್ನೇ ಅಲ್ಲಿಯವರೆಗೂ ಹಾಕುತ್ತಿದ್ದವನು ನಾನು. ಹಾಗಿದ್ದೂ ನಾಕಿಂಗ್ ಬಂದಿದೆಯೆಂದರೆ ದುಬಾರಿ ಇಂಧನ ರೋಗವನ್ನು ಮುಚ್ಚಿಡುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ದಾರಿ ತೋರಿಸಿದ್ದು ಸ್ಪಾರ್ಕ್ ಪ್ಲಗ್. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನಾಲ್ಕನ್ನೂ ಬಿಚ್ಚಿ, ಸಿಲಿಂಡರ್ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸಿಟ್ಟೆ. ಆರೋಗ್ಯವಾಗಿರುವ ಪ್ಲಗ್ಗಿನ ತುದಿಯ ಪಿಂಗಾಣಿ ಬಿಸ್ಕತ್ತಿನ ಬಣ್ಣಕ್ಕಿರುತ್ತದೆ. ನನ್ನವು ನಾಲ್ಕೂ ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಅಂದರೆ ಒಳಗೆ ಅತಿ ಬಿಸಿ. ಒಂದೇ ಪ್ಲಗ್ ಹೀಗಿದ್ದರೆ ಆ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನು ಶಂಕಿಸುತ್ತಿದ್ದೆ. ನಾಲ್ಕಕ್ಕೂ ಒಂದೇ ಗತಿಯಾದ್ದರಿಂದ ದೋಷ ಎಲ್ಲಕ್ಕೂ ಸಮಾನವಾದ ಕಡೆ ಇರಬೇಕಿತ್ತು. ಪ್ಲಗ್ಗಿನ ನಂಬರ್ ಕೈಪಿಡಿಗೆ ಹೊಂದುತ್ತಿತ್ತು. ಕೂಲೆಂಟ್ ಮಟ್ಟವೂ ತಾಪಮಾನವೂ ಸರಿಯಾಗಿದ್ದವು. ಪ್ಲಗ್ ರಂಧ್ರದಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರೆ ಪಿಸ್ಟನ್ ತಲೆಯ ಮೇಲೆ ಕಾರ್ಬನ್ನಿನ ತೆಳು ಪದರ ಮಾತ್ರ. ಅದು ದಪ್ಪಗೆ ಕಟ್ಟಿದ್ದರೆ ಮಿಶ್ರಣದ ಮೇಲಿನ ಒತ್ತಡ (ಕಂಪ್ರೆಷನ್) ಏರಿ ನಾಕಿಂಗ್ ಆಗುವುದು ಸಹಜ. ಹಳೆಯ ಗಾಡಿಗಳಲ್ಲಿ ನಾನು ಕಂಡ ಕಾರಣಗಳಲ್ಲಿ ಹೆಚ್ಚಿನದು ಅದೇ.

ಉಳಿದದ್ದು ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುವ ಸಾಧ್ಯತೆ. ಹಾಗಾದರೂ ಒಳಗೆ ಬಿಸಿ ಏರಿ ನಾಕಿಂಗ್ ಬರುತ್ತದೆ. ಎಂಜಿನ್ ಕಂಪ್ಯೂಟರಿನ ಅಂಕಿಗಳನ್ನು ತೋರಿಸುವ ಸ್ಕ್ಯಾನರ್ ಹಾಕಿ, ತಮ್ಮನನ್ನು ಪಕ್ಕದಲ್ಲಿ ಕೂರಿಸಿ, ಇಂಧನ ತಿದ್ದುಪಡಿಯ, ಅಂದರೆ ಕಂಪ್ಯೂಟರ್ ಎಷ್ಟು ಪೆಟ್ರೋಲ್ ಹೆಚ್ಚಿಗೆ ಸೇರಿಸುತ್ತಿದೆ ಎಂಬುದರ ಅಂಕಿಯನ್ನು ಓದಿಸುತ್ತ ಅದೇ ಏರು ಹತ್ತಿದೆ. ನಿಂತಿದ್ದಾಗ ಶೇಕಡಾ 3 ಇದ್ದದ್ದು ಏರಿನಲ್ಲಿ 14ಕ್ಕೆ ಹೋಯಿತು. ಎಂಜಿನ್ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ನುಗ್ಗುತ್ತಿತ್ತು, ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸಿ ಹೆಚ್ಚಿಸಿ ಸರಿದೂಗಿಸಲು ಹೆಣಗುತ್ತಿತ್ತು. ಎಚ್ಚರಿಕೆ ದೀಪ ಹೊತ್ತಿಕೊಂಡಿರಲೇ ಇಲ್ಲ.

ನಿಂತ ಗಾಡಿಯಲ್ಲಿ ಎಷ್ಟು ಹುಡುಕಿದರೂ ಸೋರಿಕೆ ಸಿಗಲಿಲ್ಲ. ಆಮೇಲೆ ಹೊಳೆಯಿತು, ಭಾರ ಬಿದ್ದಾಗ ಎಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಸ್ವಲ್ಪ ವಾಲುತ್ತದೆ. ಗಾಳಿ ಅಳೆಯುವ ಸೆನ್ಸರಿನಿಂದ, ಎಂಜಿನ್ನಿಗೆ ಗಾಳಿ ಬಿಡುವ ಕವಾಟವಾದ ಥ್ರಾಟಲ್‌ಗೆ ಹೋಗುವ ಮಡಿಕೆ ಮಡಿಕೆಯ ರಬ್ಬರ್ ಕೊಳವೆಯನ್ನು ಕೈಯಲ್ಲಿ ಹಿಡಿದು, ಎಂಜಿನ್ ವಾಲುವ ಕಡೆಗೇ ಬಗ್ಗಿಸಿದೆ. ಕೆಳಮಗ್ಗುಲಿನ ಮಡಿಕೆಯೊಳಗೆ ಎರಡು ಬೆರಳಗಲದ ಸೀಳು ಬಾಯಿ ತೆರೆಯಿತು. ಬಿಟ್ಟರೆ ತುಟಿ ಮುಚ್ಚಿದಂತೆ ಮತ್ತೆ ಕೂಡಿಕೊಂಡಿತು.

ಇದೆಲ್ಲಕ್ಕೂ ಮುಂಚೆ ಒಬ್ಬ ಮೆಕ್ಯಾನಿಕ್ ನಾಕ್ ಸೆನ್ಸರ್ ಬದಲಿಸಿ ಎಂದಿದ್ದರು. ಆ ಸೆನ್ಸರ್ ತನ್ನ ಕೆಲಸ ಮಾಡುತ್ತಲೇ ಇತ್ತು. ಸದ್ದು ಗ್ರಹಿಸಿ ಸ್ಪಾರ್ಕನ್ನು ತಡಮಾಡಿಸುತ್ತಿದ್ದುದರಿಂದಲೇ ಪಿಕಪ್ ಕುಗ್ಗಿತ್ತು. ಸುದ್ದಿ ತಂದವನನ್ನು ಹೊರಹಾಕಿದರೆ ಎಂಜಿನ್ನಿಗೆ ಏನು ಲಾಭ?

ಕೊಳವೆ ಬದಲಿಸಲು ಇಪ್ಪತ್ತು ನಿಮಿಷ ಸಾಕಾಯಿತು. ಕೆಲವು ದಿನ ಓಡಿಸಿದ ಮೇಲೆ ಅದೇ ಏರಿನಲ್ಲಿ ಅಂಕಿ 2ರ ಆಸುಪಾಸಿನಲ್ಲಿತ್ತು, ನಾಲ್ಕನೇ ಗೇರಿನಲ್ಲೂ ಸದ್ದಿರಲಿಲ್ಲ. ಮುಂದಿನ ಆಯಿಲ್ ಬದಲಾವಣೆಯ ಹೊತ್ತಿಗೆ ಪ್ಲಗ್ ಬಿಚ್ಚಿ ನೋಡಿದಾಗ ಬಿಳುಪು ಹೋಗಿ ಬಿಸ್ಕತ್ತಿನ ಬಣ್ಣ ಬರತೊಡಗಿತ್ತು.